ಹುಳಿ ಮಜ್ಜಿಗೆ, ಕುದುರೆ ಹಾಲು

ತೀರ್ಥಹಳ್ಳಿಯಲ್ಲಿ ಇವತ್ತು ಬೆಳಿಗ್ಗೆಯಿಂದ ಬಿಡದ ಮಳೆ. ಮಜ್ಜಿಗೆ ಪಾತ್ರೆಯ ಮುಚ್ಚಳ ತೆಗೆದರೆ ಅಂಚಿನ ಸುತ್ತ ಸಣ್ಣ ಸಣ್ಣ ಗುಳ್ಳೆ. ಒಂದು ಒಡೆದರೆ ಪಕ್ಕದಲ್ಲೇ ಇನ್ನೊಂದು. ಹುಳಿ ವಾಸನೆ ಸೀದಾ ಮೂಗಿಗೆ.

"ಹುಳಿ ಬಂತು ಮಾರಾಯ, ತಂಬುಳಿಗೂ ಆಗಲ್ಲ" ಅಂದರು ಅಮ್ಮ.

ನನಗೆ ಮಂಗೋಲಿಯಾದವರ ಐರಾಗ್ ನೆನಪಾಯಿತು. ಕುದುರೆ ಹಾಲಿನಿಂದ ಮಾಡುವ ಮದ್ಯ ಅದು. ದನದ ಚರ್ಮದ ದೊಡ್ಡ ಚೀಲಕ್ಕೆ ಹಾಲು ಹಾಕಿ, ಹಳೇ ಐರಾಗ್‌ನಿಂದಲೇ ಹೆಪ್ಪು ಕೊಟ್ಟು, ಮರದ ಕೋಲಿನಲ್ಲಿ ಕಡೆಯುತ್ತಲೇ ಇರುತ್ತಾರೆ. ನೂರಾರು ಸಲ! ಎಂಥಾ ತಾಳ್ಮೆ ಅಲ್ವಾ? 2019ರಲ್ಲಿ ಯುನೆಸ್ಕೋ ಈ ವಿದ್ಯೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಕುದುರೆ ಹಾಲೇ ಯಾಕೆ ಅಂದರೆ, ಅದರಲ್ಲಿ ಸಕ್ಕರೆ ಅಂಶ ದನದ ಹಾಲಿಗಿಂತ ಜಾಸ್ತಿ. ಬೇಕರಿಯವರು ಬಳಸುವ ಯೀಸ್ಟ್‌ಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಅದನ್ನು ತಿಂದು ಮದ್ಯ ಮಾಡುವ ಯೀಸ್ಟ್‌ಗಳೇ ಬೇರೆ. ಅವು ಆ ಹೆಪ್ಪಿನಲ್ಲೇ ಬದುಕಿರುತ್ತವೆ. ಅಮಲು ಸುಮಾರು 2%, ಅಷ್ಟೇ. ಹುಳಿ ಹಾಲನ್ನು ಬಟ್ಟಿ ಇಳಿಸಿ ಇನ್ನೂ ಗಡುಸಾದದ್ದನ್ನೂ ಮಾಡುತ್ತಾರೆ.

ಹೆಪ್ಪು ಕಾಪಾಡಿಕೊಂಡು ಬರುವ ಕಷ್ಟ ನಮ್ಮ ಅಮ್ಮಂದಿರಿಗೂ ಗೊತ್ತು. ಆ ಚೀಲ ಕಡೆಯುವುದನ್ನು ಅಮ್ಮನ ಜೊತೆ ಹೋಗಿ ನೋಡಬೇಕು ಅಂತ ತುಂಬಾ ಆಸೆ.