ತಾರೀಕಿಲ್ಲದ ಎರಡು ಸಾವಿರ

ಮೊನ್ನೆ ಅಂಕೋಲೆಯ ಬ್ಯಾಂಕೊಂದರಲ್ಲಿ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಮೀನು ಮಾರುವ ಅಕ್ಕ ಒಬ್ಬರು ಪಾಸ್‌ಬುಕ್ ನನ್ನ ಕೈಗಿತ್ತು, "ತಮಾ, ಗೃಹಲಕ್ಷ್ಮಿ ಬಂದದ್ಯಾ ನೋಡು" ಎಂದರು. ಮನೆಯೊಡತಿಯ ಖಾತೆಗೆ ಸರ್ಕಾರ ತಿಂಗಳಿಗೆ ಹಾಕುವ ಎರಡು ಸಾವಿರ ರೂಪಾಯಿ ಬಂದಿರಲಿಲ್ಲ. ಮಳೆಗೆ ನೆನೆದು ಉಬ್ಬಿದ ಪುಟ. ಒಂದು ಕಡೆ 2000, ಆಮೇಲೆ ಬಹಳ ದಿನ ಏನೂ ಇಲ್ಲ, ಮತ್ತೆ ಎರಡು ಕಂತು ಬೆನ್ನುಬೆನ್ನಿಗೆ.

ಹಿಂದೆ ನಿಂತಿದ್ದವರೊಬ್ಬರು, "ಪುಕ್ಕಟೆ ದುಡ್ಡಲ್ವಾ? ಎರಡು ತಿಂಗಳು ತಡ ಆದ್ರೆ ಏನೀಗ?" ಎಂದರು. ಅಕ್ಕ ಜಗಳಕ್ಕೆ ಹೋಗಲಿಲ್ಲ. "ಸಂಘದ ಸಾಲದ ಕಂತು ಮಂಗಳವಾರ ಅಂದ್ರೆ ಮಂಗಳವಾರವೇ" ಎಂದರು, ಅಷ್ಟೇ.

ಆ ಮನುಷ್ಯ ಕೆಟ್ಟವರಲ್ಲ. ಆದರೆ ಒಂದನೇ ತಾರೀಕಿಗೆ ಸಂಬಳ ಕಾಣುವವರಿಗೆ ಈ ಮಂಗಳವಾರ ಅರ್ಥವಾಗುವುದು ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಅಕ್ಕನ ಬುಟ್ಟಿಯಲ್ಲಿ ಈಗ ಬರೀ ಒಣಮೀನು. ಶಾಲೆ ಶುರುವಾಗಿ ಕೊಡೆ, ನೋಟ್‌ಬುಕ್ಕಿನ ಖರ್ಚು ಬರುವುದೂ ಇದೇ ಹೊತ್ತಿಗೆ. ಸರ್ಕಾರದ ಹಣ ಬಾರದಿದ್ದರೆ ಕೈಗಡ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಯಂತೆ. ಎರಡು ಸಾವಿರ ತಂದು ಎರಡು ತಿಂಗಳು ಇಟ್ಟುಕೊಂಡರೆ 200 ರೂಪಾಯಿ ಬಡ್ಡಿಗೇ ಹೋಯ್ತು. ಆಮೇಲೆ ಒಟ್ಟಿಗೆ ನಾಲ್ಕು ಸಾವಿರ ಬಿದ್ದರೂ ಮನೆಗೆ ಬರುವ ಮೊದಲೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲ ಕೊಟ್ಟವನ ಪಾಲು.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆ ಶುರುವಾದಾಗಿನಿಂದ ಒಂದೇ ವಾದ ಕೇಳುತ್ತಿದ್ದೇನೆ. ಜನ ಸೋಮಾರಿಗಳಾಗ್ತಾರೆ ಅಂತ ಕೆಲವರು, ಬಡವರ ಬಾಳು ಬದಲಾಯ್ತು ಅಂತ ಕೆಲವರು. ಬೆಳಗಿನ ಜಾವಕ್ಕೇ ಬುಟ್ಟಿ ಹೊತ್ತು ಹೊರಡುವ ಹೆಂಗಸನ್ನು ಎರಡು ಸಾವಿರ ಸೋಮಾರಿ ಮಾಡುತ್ತದೆ ಅನ್ನುವುದು ನನಗೆ ಸಿಟ್ಟು ಬರಿಸುವ ಮಾತು. ಹಣ ಗಂಡನ ಕೈಗಲ್ಲ, ಹೆಂಗಸಿನ ಖಾತೆಗೇ ಬರುತ್ತದಲ್ಲ, ಅದು ಸಣ್ಣ ಸಂಗತಿಯಲ್ಲ. ತಪ್ಪದೆ ಬಂದ ತಿಂಗಳುಗಳಲ್ಲಿ ಸಂಘದ ಕಂತು ಅದರಲ್ಲೇ ಕಟ್ಟಿದೆ, ಯಾರ ಮುಂದೂ ಕೈ ಚಾಚಲಿಲ್ಲ ಎಂದು ಅಕ್ಕನೇ ಹೇಳಿದರು. ಅದೇ ಯೋಜನೆ, ಅದೇ ಮೊತ್ತ. ತಡವಾದಾಗ ಮಾತ್ರ ಅದರ ಬಲ ಅರ್ಧಕ್ಕಿಳಿಯುತ್ತದೆ.

ಮೊತ್ತ ಜಾಸ್ತಿ ಮಾಡಿ ಅಂತ ಅವರು ಕೇಳಲೇ ಇಲ್ಲ. ಕೌಂಟರಿನಲ್ಲಿ ಕೇಳಿದ್ದು ಒಂದೇ, "ಯಾವಾಗ ಬರ್ತದೆ?" ಒಳಗಿದ್ದ ಹುಡುಗಿ ಪಾಪ, "ನಮಗೂ ಗೊತ್ತಿಲ್ಲ ಅಮ್ಮಾ" ಎಂದಳು. ತಿಂಗಳಿಗೊಂದು ತಾರೀಕು ಗೊತ್ತು ಮಾಡಿ, ತಪ್ಪಿದರೆ ಯಾಕೆ ತಪ್ಪಿತು ಅಂತ ಪಂಚಾಯ್ತಿ ಬೋರ್ಡಿನ ಮೇಲಾದರೂ ಬರೆಯಬಹುದಲ್ವಾ?