ಏನೂ ಮಾಡಲ್ಲ, ಹೆದರಬೇಡಿ

ಶನಿವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. ಅಮೆರಿಕದ ಐಡಾಹೊ ರಾಜ್ಯದ ಬೋಯಿಸಿ ರಾಷ್ಟ್ರೀಯ ಅರಣ್ಯದ ಒಂದು ಕಾಲುದಾರಿ. ಬೆನ್ನ ಮೇಲೆ ಹೇರು ಹೊತ್ತ ನಾಲ್ಕು ಮೇಕೆ, ಅವುಗಳ ಒಡತಿಯ ಜತೆ ನಾವು, ಕೊನೆಯಲ್ಲಿ ಮೇಕೆಗಳ ಜತೆಗೇ ಬೆಳೆದ ಮುದಿ ನಾಯಿ. ತಿರುವಿನಾಚೆಯಿಂದ ಕುತ್ತಿಗೆಗೆ ಹಗ್ಗವಿಲ್ಲದ ಲ್ಯಾಬ್ರಡಾರ್ ಒಂದು ನುಗ್ಗಿ ಬಂತು. ಅದರ ಯಜಮಾನ ಕಣ್ಣಿಗೆ ಬೀಳುವ ಮೊದಲೇ ದನಿ ಕೇಳಿಸಿತು: "ಏನೂ ಮಾಡಲ್ಲ, ಹೆದರಬೇಡಿ! ತುಂಬಾ ಒಳ್ಳೆಯವನು!"

ಅವನು ಕೂಗಿದ್ದು ಇಂಗ್ಲಿಷಿನಲ್ಲಿ. ಕೇಳಿಸಿದ್ದು ಮಾತ್ರ ನಮ್ಮ ಊರುಗಳ ಗೇಟಿನೊಳಗಿಂದ ಬರುವ ಅದೇ ಮಾತಿನಂತೆ. ಲೋಕದ ನಾಯಿ ಸಾಕುವವರೆಲ್ಲ ಒಂದೇ ಶಾಲೆಯಲ್ಲಿ ಓದಿದವರೋ ಏನೋ.

ನಾಯಿ ನಿಜಕ್ಕೂ ಏನೂ ಮಾಡಲಿಲ್ಲ. ಕಚ್ಚಲಿಲ್ಲ, ಬೊಗಳಲೂ ಇಲ್ಲ. ಆಟಕ್ಕೆ ಬಂದಿತ್ತು ಅಷ್ಟೆ. ಮುಂದಿದ್ದ ಹಿರಿಯ ಹೋತ ಬೆನ್ನಗೂದಲು ನಿಮಿರಿಸಿ, ಮುಂಗಾಲು ನೆಲಕ್ಕೆ ಅಪ್ಪಳಿಸಿ, ಕೊಂಬು ತಗ್ಗಿಸಿ ನಿಂತ. ನಡುವಿನ ಎರಡು ಮನುಷ್ಯರ ಹಿಂದೆ ಬಂದು ಒತ್ತಿಕೊಂಡವು. ಎರಡು ವರ್ಷದ ಕಿರಿಯವನು ಕೆಳಗಿನ ಇಳಿಜಾರಿಗೆ ಹಾರಿದ. ಎಡಗಡೆಯ ಚೀಲ ಪೈನ್ ಮರಕ್ಕೆ ಬಡಿಯಿತು, ಜೀನು ಸರಿಯಿತು, ಇನ್ನೆರಡು ನೆಗೆತಕ್ಕೆ ತಿರುಗಿ ಹೊಟ್ಟೆಯ ಕೆಳಗೆ ಹೋಯಿತು. ಅಲ್ಲಿಂದ ಮುಂದೆ ಅವನು ಓಡಿದ್ದು ನಾಯಿಗೆ ಹೆದರಿ ಅಲ್ಲ, ತನ್ನ ಹೊಟ್ಟೆಗೇ ಜೋತುಬಿದ್ದು ಹಿಂಗಾಲಿಗೆ ಹೊಡೆಯುತ್ತಿದ್ದ ಹೇರಿಗೆ ಹೆದರಿ.

ಮೇಕೆಯ ಹೇರು ಎಷ್ಟು ನಾಜೂಕಿನದು ಅನ್ನುವುದು ಆ ಯಜಮಾನನಿಗೆ ಹೇಗೆ ಗೊತ್ತಿರಬೇಕು? ಈ ಕೆಲಸಕ್ಕೆ ಬರುವುದು ಬೀಜ ಒಡೆಸಿದ ಹೋತಗಳು. ಆಲ್ಪೈನ್, ಸಾನೆನ್, ಟೊಗೆನ್‌ಬರ್ಗ್‌ನಂಥ ದೊಡ್ಡ ಹಾಲಿನ ತಳಿಯವು. ಹಾಲಿನ ಮಂದೆಯಲ್ಲಿ ಗಂಡು ಮರಿ ಯಾರಿಗೂ ಬೇಡ, ಅಗ್ಗಕ್ಕೆ ಸಿಗುತ್ತದೆ. ಬಾಟಲಿ ಹಾಲು ಕುಡಿಸಿ ಬೆಳೆಸಿದರೆ ಹಗ್ಗವಿಲ್ಲದೆಯೇ ಮನುಷ್ಯರ ಬೆನ್ನು ಹತ್ತಿ ಬರುತ್ತದೆ. ಬೀಜ ಒಡೆಸಲು ಅವಸರ ಮಾಡಬಾರದು. ತೀರ ಎಳೆಯದರಲ್ಲೇ ಮಾಡಿಸಿದರೆ ಮೂತ್ರನಾಳ ಸರಿಯಾಗಿ ಅಗಲವಾಗುವುದಿಲ್ಲ, ಮುಂದೆ ಕಲ್ಲು ಸಿಕ್ಕಿಕೊಂಡು ಪ್ರಾಣಕ್ಕೇ ಬರುತ್ತದೆ ಎಂದು ಅನೇಕರು ನಾಲ್ಕರಿಂದ ಆರು ತಿಂಗಳು ಕಾಯುತ್ತಾರೆ. ಇದೇ ಭಯಕ್ಕೆ ಕಾಳುಕಡಿಯನ್ನೂ ಕೈ ಹಿಡಿದು ಹಾಕುತ್ತಾರೆ: ಮೇವಿನಲ್ಲಿ ರಂಜಕ ಒಂದು ಪಾಲಿದ್ದರೆ ಸುಣ್ಣದಂಶ ಎರಡು ಪಾಲು ಇರಬೇಕು, ಕಾಳಿನಲ್ಲಿ ರಂಜಕವೇ ಜಾಸ್ತಿ.

ಬೆಳೆದ ಹೋತ 85ರಿಂದ 100 ಕಿಲೋ ತೂಗುತ್ತದೆ. ಹೊರುವುದು ಅದರ ಕಾಲುಭಾಗಕ್ಕಿಂತ ಹೆಚ್ಚಿರಬಾರದು, ಜೀನಿನ ತೂಕವೂ ಅದರಲ್ಲೇ ಸೇರಬೇಕು. ಪೂರ್ತಿ ಹೇರು ಹಾಕುವುದು ನಾಲ್ಕು ವರ್ಷ ತುಂಬಿದ ಮೇಲೆ. ಒಂದು ವರ್ಷದ್ದಕ್ಕೆ ಖಾಲಿ ಚೀಲ, ಎರಡು ವರ್ಷದ್ದಕ್ಕೆ ಐದಾರು ಕಿಲೋ. ಶನಿವಾರ ಕಿರಿಯವನ ಬೆನ್ನ ಮೇಲಿದ್ದದ್ದು ಮಲಗುವ ಚೀಲ, ಒಂದಿಷ್ಟು ಅವಲಕ್ಕಿ, ಅಷ್ಟೇ. ಹಗುರ ಹೇರೇ ಬೇಗ ಉರುಳುತ್ತದೆ ಅನ್ನುವುದು ವಿಚಿತ್ರ ಅನ್ನಿಸಬಹುದು. ಹಗುರವಲ್ಲವೇ ಎಂದು ಕಟ್ಟುವವರ ಕೈ ಸಡಿಲವಾಗುವುದೇ ಕಾರಣ.

ಕಟ್ಟುವುದು ಹೀಗೆ. ಮೊದಲು ಬೆನ್ನಗೂದಲು ಸವರಿ ಮುಳ್ಳು, ಕಡ್ಡಿ ತೆಗೆಯಬೇಕು. ಮೆತ್ತೆಯನ್ನು ಹೆಗಲ ಕಡೆ ಸ್ವಲ್ಪ ಮುಂದಿಟ್ಟು ಹಿಂದಕ್ಕೆ ಎಳೆದರೆ ಕೂದಲು ನೇರವಾಗಿ ಕೂರುತ್ತದೆ. ಕತ್ತರಿಯಾಕಾರದ ಮರದ ಜೀನು ಹೆಗಲ ಮೂಳೆಗಳ ಹಿಂದೆ ಬರಬೇಕು, ಮೇಲೆ ಅಲ್ಲ. ಹೊಟ್ಟೆಪಟ್ಟಿ ಎರಡು ಬೆರಳು ತೂರುವಷ್ಟು ಬಿಗಿ. ಎದೆಪಟ್ಟಿ ಏರಿನಲ್ಲಿ ಜೀನು ಹಿಂದಕ್ಕೆ ಜಾರದ ಹಾಗೆ ಹಿಡಿಯುತ್ತದೆ, ಆದರೆ ಗಂಟಲಿಗೆ ಒತ್ತಬಾರದು. ಹಿಂದಿನ ಪಟ್ಟಿ ಇಳಿಜಾರಿಗೆ. ಆಮೇಲೆ ಎರಡೂ ಪಕ್ಕದ ಚೀಲಗಳನ್ನು ಕೈತಕ್ಕಡಿಗೆ ತೂಗುಹಾಕಿ ನೋಡಬೇಕು. ಅರ್ಧ ಕಿಲೋ ವ್ಯತ್ಯಾಸವಿದ್ದರೂ ಊಟದ ಹೊತ್ತಿಗೆ ಜೀನು ವಾಲಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಹೆಗಲಿಗೆ ಹಾಕುತ್ತಿದ್ದ ಹಸಿಬೆಯ ನ್ಯಾಯವೇ ಇದು. ಕಾಲುಗಂಟೆ ನಡೆದ ಮೇಲೆ ನಿಲ್ಲಿಸಿ ಹೊಟ್ಟೆಪಟ್ಟಿ ಇನ್ನೊಮ್ಮೆ ಬಿಗಿಯಬೇಕು. ಕಟ್ಟುವಾಗ ಉಬ್ಬಿದ್ದ ಹೊಟ್ಟೆ ಅಷ್ಟರಲ್ಲಿ ಇಳಿದಿರುತ್ತದೆ. ಶನಿವಾರ ಹಿರಿಯ ಮೂವರಿಗೆ ಇದನ್ನು ಮಾಡಿಯಾಗಿತ್ತು. ಕಿರಿಯವನ ಸರದಿ ಬರುವ ಹೊತ್ತಿಗೇ ಆ ತಿರುವು.

ಹೊಟ್ಟೆಯಡಿ ಹೋದ ಜೀನನ್ನು ಬಿಡಿಸಲು ಒಂದು ಕ್ರಮ ಇದೆ. ಕೈ ಮೊದಲು ಹೋಗುವುದು ಹೊಟ್ಟೆಪಟ್ಟಿಗೇ, ಅದೇ ತಪ್ಪು. ಅದನ್ನು ಬಿಚ್ಚಿದರೆ ಜೀನು ಎದೆಪಟ್ಟಿ, ಹಿಂಪಟ್ಟಿಗಳಿಗೆ ನೇತಾಡಿ ಕಾಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮೊದಲು ಚೀಲ, ಆಮೇಲೆ ಹಿಂದಿನ ಪಟ್ಟಿ, ಎದೆಪಟ್ಟಿ, ಕಟ್ಟಕಡೆಗೆ ಹೊಟ್ಟೆಪಟ್ಟಿ. ಮೇಕೆಗಳ ಒಡತಿಗೆ ಎಪ್ಪತ್ತು ಹತ್ತಿರ. ಓಡಲಿಲ್ಲ, ಕೂಗಲಿಲ್ಲ. ಓಡಿದರೆ ಅದು ಇನ್ನೂ ದೂರ ಓಡುತ್ತದೆ. ಜೇಬಿನ ಕಡಲೆಕಾಯಿ ಗಲಗಲ ಅನ್ನಿಸುತ್ತ ಇಳಿದು ಹೋದರು. ಕಿರಿಯವನು ನಿಂತಿದ್ದದ್ದು ಝರಿಯ ಅಂಚಿನಲ್ಲಿ. ಅಲ್ಲಿ ವಾಟರ್ ಹೆಮ್ಲಾಕ್ ಬೆಳೆಯುತ್ತದೆ, ಅದರ ಗೆಡ್ಡೆ ಸ್ವಲ್ಪ ತಿಂದರೂ ಸಾವು. ಹಾಗಾಗಿ ಅಲ್ಲೇ ಸುಧಾರಿಸಿಕೊಳ್ಳಲಿ ಎಂದು ಬಿಡುವಂತೆಯೂ ಇರಲಿಲ್ಲ.

ಇಷ್ಟೆಲ್ಲ ಆಗುವಾಗ ನಮ್ಮ ಮುದಿ ನಾಯಿ ಕೂತ ಜಾಗ ಬಿಟ್ಟು ಏಳಲಿಲ್ಲ. ಮೇಕೆಯ ಜತೆ ನಡೆಯುವ ನಾಯಿಗೆ ಕಲಿಸಬೇಕಾದ್ದು ಮುಖ್ಯವಾಗಿ ಇದೊಂದೇ: ಗಲಾಟೆಯಾದಾಗ ಕೂರು. ಮಂದೆ ಅಟ್ಟುವ ತಳಿಯದಾದರೆ ಇನ್ನೂ ಕಷ್ಟ. ಅದು ದಿಟ್ಟಿಸಿ ನೋಡುತ್ತ ಬೆನ್ನಟ್ಟಿದರೆ ಮೇಕೆಗಳಿಗೆ ದಿನವಿಡೀ ನೆಮ್ಮದಿಯಿಲ್ಲ. ಎದುರಿಂದ ಬೇರೆ ನಾಯಿ ಬಂದರೆ ಮನುಷ್ಯ ಮಧ್ಯೆ ನಿಲ್ಲಬೇಕು, ಕೋಲು ಅಡ್ಡ ಹಿಡಿಯಬೇಕು, ನಾಯಿಯ ಜತೆಗಲ್ಲ, ಯಜಮಾನನ ಜತೆ ಮಾತಾಡಬೇಕು. ಕಾಡಿನಲ್ಲಿ ಕರಡಿ, ಪೂಮಾ ಇವೆ ಎಂದು ಎಲ್ಲರೂ ಕೇಳುತ್ತಾರೆ. ಹೇರುಮೇಕೆಯವರನ್ನು ಕೇಳಿ ನೋಡಿ, ಅವರ ಭಯವೆಲ್ಲ ಹಗ್ಗ ಬಿಟ್ಟ ನಾಯಿಯದ್ದು.

ಯಜಮಾನ ಕೊನೆಗೆ ಬಂದು, ನಗುತ್ತ, ಮತ್ತೆ ಅದನ್ನೇ ಹೇಳಿದ: "ನೋಡಿ, ಏನೂ ಮಾಡಲಿಲ್ಲ." ಕೆಟ್ಟವನಲ್ಲ. ಚೀಲ ಹೊತ್ತು ಮೇಲೆ ತಂದುಕೊಟ್ಟ. ಆದರೆ ಆ ಮಾತು ಪೂರ್ತಿ ಅವನ ನಾಯಿಯ ಬಗ್ಗೆ. ಎದುರಿನ ಪ್ರಾಣಿ ಏನು ಮಾಡೀತು ಅನ್ನುವ ಪ್ರಶ್ನೆಗೆ ಅದರಲ್ಲಿ ಜಾಗವೇ ಇಲ್ಲ.

ಸಂಜೆ ಒಡತಿಯ ಜತೆ ಮಾತು ಬಿಗ್‌ಹಾರ್ನ್ ಕುರಿಗಳ ಕಡೆ ಹೊರಳಿತು. ಈ ಬೆಟ್ಟಸೀಮೆಯ ಆ ಕಾಡು ಕುರಿಗಳಿಗೆ ಸಾಕುಕುರಿ, ಮೇಕೆಗಳ ಮೂಗಿನಲ್ಲಿರುವ ಮೈಕೋಪ್ಲಾಸ್ಮ ಓವಿನ್ಯುಮೋನಿಯೆ ಅನ್ನುವ ಸೂಕ್ಷ್ಮಾಣು ತಗುಲಿದರೆ ನ್ಯುಮೋನಿಯ. ಸಾಕಿದವಕ್ಕೆ ಸಾಮಾನ್ಯವಾಗಿ ನೆಗಡಿಯಷ್ಟೇ. ಕಾಡಿನವು ಹಿಂಡಾಗಿ ಸಾಯುತ್ತವೆ, ಉಳಿದವುಗಳ ಮರಿಗಳೂ ಮುಂದೆ ಹಲವು ವರ್ಷ ಬದುಕುವುದಿಲ್ಲ. ಇದೇ ಐಡಾಹೊದ ಪೇಯೆಟ್ ಅರಣ್ಯದಲ್ಲಿ 2010ರಲ್ಲಿ ಸಾಕುಕುರಿ ಮೇಯಿಸುವ ಜಾಗವನ್ನು ಸುಮಾರು ಶೇಕಡಾ 70ರಷ್ಟು ಕಡಿತ ಮಾಡಿದ್ದು ಇದಕ್ಕಾಗಿ. ವ್ಯೋಮಿಂಗಿನ ಶೋಶೋನಿ ಅರಣ್ಯದ ಬಿಗ್‌ಹಾರ್ನ್ ನೆಲೆಗಳಲ್ಲಿ ಹೇರುಮೇಕೆಗೂ ನಿರ್ಬಂಧ ಬಂತು. ತಮಾಷೆ ಏನೆಂದರೆ, ಅಮೆರಿಕದಲ್ಲಿ ಈ ಹವ್ಯಾಸಕ್ಕೆ ದಾರಿ ಮಾಡಿದ್ದೇ ಬಿಗ್‌ಹಾರ್ನ್. 1970ರ ದಶಕದಲ್ಲಿ ವ್ಯೋಮಿಂಗಿನಲ್ಲಿ ಆ ಕುರಿಗಳ ಅಧ್ಯಯನಕ್ಕೆ ಬೆಟ್ಟ ಹತ್ತುತ್ತಿದ್ದ ಜಾನ್ ಮಿಯೊನ್ಚಿನ್ಸ್ಕಿ ಸಾಮಾನು ಹೊರಿಸಲು ಮೇಕೆಗಳನ್ನು ಪಳಗಿಸಿದರು. ಹಿಮಾಲಯದ ಭೋಟಿಯಾ ವ್ಯಾಪಾರಿಗಳು ಟಿಬೆಟಿನ ಉಪ್ಪನ್ನು ಕುರಿಮೇಕೆಗಳ ಮೇಲೆ ಹೇರಿ ತರುತ್ತಿದ್ದದ್ದು ಅದಕ್ಕೂ ಎಷ್ಟೋ ಮುಂಚಿನ ಮಾತು.

"ನನ್ನವು ಶುದ್ಧ," ಅಂದರು ಒಡತಿ. "ಮೂಗಿನ ದ್ರವ ಮೂರು ಸಲ ಪರೀಕ್ಷೆ ಮಾಡಿಸಿದೀನಿ, ಯಾವಾಗಲೂ ನನ್ನ ಕಣ್ಣೆದುರಿಗೇ ಇರ್ತಾವೆ. ಅವು ಬಿಗ್‌ಹಾರ್ನ್‌ಗೆ ಏನೂ ಮಾಡಲ್ಲ."

ಅವರಿಗೆ ತಮ್ಮ ಮಾತು ಕೇಳಿಸಿತೋ ಇಲ್ಲವೋ. ಪರೀಕ್ಷೆ ಮಾಡಿಸಿದವರು ಹಾಗನ್ನುವುದಕ್ಕೂ ಹಗ್ಗ ಬಿಟ್ಟವನು ಹಾಗನ್ನುವುದಕ್ಕೂ ವ್ಯತ್ಯಾಸ ಇದೆ, ಒಪ್ಪೋಣ. ಆದರೆ ಬಾಯಾರಿಕೆ ಆಗುವ ಮೊದಲೇ ನೀರಿನ ಬಾಟಲಿ ತೆಗೆಯುವಷ್ಟು ಜಾಗ್ರತೆಯ ಹೆಂಗಸು, ಆ ಬೆಳಗ್ಗೆ ಒಬ್ಬನ ಸರದಿ ತಡ ಮಾಡಿದ್ದರು. ಕಿರಿಯವನು ಇಳಿಜಾರಿಗೆ ಹಾರಿ ಕಣ್ಮರೆಯಾಗಿ ಹತ್ತು ನಿಮಿಷ ಸಿಕ್ಕಿರಲಿಲ್ಲ. ಕಣ್ಣೆದುರಿಗೇ ಇರುವ ಮೇಕೆ ಅದು.

ಹೆದರಿದ ಮೇಕೆ ಸುಧಾರಿಸಿದೆ ಅನ್ನುವುದಕ್ಕೆ ಮೆಲುಕೇ ಗುರುತು. ಕಿರಿಯವನು ಮೆಲುಕು ಹಾಕಲು ಶುರುಮಾಡಿದ್ದು ಕತ್ತಲಾದ ಮೇಲೆ. ಬುಧವಾರ ಅಂಗಳದಲ್ಲಿ ಜೀನು ತೋರಿಸಿದರೆ ಹಿಂದೆ ಹಿಂದೆ ಸರಿದ. ಈಗ ಮೊದಲಿಂದ: ಬರೀ ಮೆತ್ತೆ, ನಾಲ್ಕು ಕಡಲೆಕಾಯಿ, ಐದು ನಿಮಿಷ, ದಿನಕ್ಕೆ ಎರಡು ಸಲ. ಹೊಟ್ಟೆಪಟ್ಟಿ ಮುಂದಿನ ವಾರ.