ಸ್ಕ್ರಿಪ್ಟಿಗೆ ಮೈನಸ್ ಎನ್, ನಿಮಗೆ ಹಳೇ ಲ್ಯಾಪ್‌ಟಾಪ್

ಹತ್ತಾರು ಸರ್ವರ್‌ಗಳ ಹೆಸರನ್ನು ಒಂದು ಫೈಲಿನಲ್ಲಿಟ್ಟು, ಶೆಲ್ ಸ್ಕ್ರಿಪ್ಟಿನಲ್ಲಿ ಅದನ್ನು ಸಾಲು ಸಾಲಾಗಿ ಓದುವ ವೈಲ್ ರೀಡ್ ಲೂಪ್‌ನಲ್ಲಿ ಒಂದೊಂದಕ್ಕೂ ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಲಾಗಿನ್ ಆಗುವ ಕಮ್ಯಾಂಡ್) ಮಾಡಿದರೆ ಮೊದಲನೆಯದರಲ್ಲಿ ಮಾತ್ರ ಕೆಲಸ ಆಗಿ ಸ್ಕ್ರಿಪ್ಟ್ ಸುಮ್ನೆ ಮುಗಿದುಬಿಡುತ್ತದೆ. ಎರರ್ ಕೂಡ ಇಲ್ಲ. ಉಳಿದ ಹೆಸರುಗಳನ್ನೆಲ್ಲ ಎಸ್‌ಎಸ್‌ಎಚ್ ತನ್ನ ಇನ್‌ಪುಟ್ ಅಂದುಕೊಂಡು ನುಂಗಿರುತ್ತದೆ. ಎಸ್‌ಎಸ್‌ಎಚ್‌ಗೆ ಇನ್‌ಪುಟ್ ಓದಬೇಡ ಅನ್ನುವ ಮೈನಸ್ ಎನ್ (-n) ಆಪ್ಷನ್ ಹಾಕಿ, ಸರಿಹೋಗುತ್ತದೆ. ಪಾಸ್‌ವರ್ಡ್ ಕೇಳುತ್ತಾ ಕೂರದಿರಲು ಬ್ಯಾಚ್‌ಮೋಡ್ ಯೆಸ್ (-o BatchMode=yes) ಅಂತಲೂ ಕೊಡಿ. ಗಂಟೆಗಟ್ಟಲೆ ಓಡುವ ಕೆಲಸವಾದರೆ ಸರ್ವರಿನಲ್ಲಿ ಟಿಮಕ್ಸ್ (ಕನೆಕ್ಷನ್ ಕಡಿದರೂ ಸೆಷನ್ ಉಳಿಸುವ ಪ್ರೋಗ್ರಾಂ) ಒಳಗೆ ಹಾಕಿ, ನಿಮ್ಮ ಮನೆಯಲ್ಲಿ ಕರೆಂಟ್ ಹೋದರೂ ಅದರ ಪಾಡಿಗೆ ಅದು ಓಡುತ್ತಿರುತ್ತದೆ.

ಇಷ್ಟಕ್ಕೆ ದುಬಾರಿ ಮಷಿನ್ ಯಾಕೆ? ಭಾರ ಎಲ್ಲ ಸರ್ವರ್ ಮೇಲೆ ಅಲ್ವಾ. ಹಳೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಧಾರಾಳ ಸಾಕು. ಹೊಸದೇ ಬೇಕಾದರೆ ಅಂಗಡಿಗೆ ಲೈವ್ ಯುಎಸ್‌ಬಿ (ಇನ್‌ಸ್ಟಾಲ್ ಮಾಡದೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಒಯ್ದು, ಕೇಳಿ ಬೂಟ್ ಮಾಡಿ, ವೈಫೈ ಸಿಗುತ್ತದಾ, ಮುಚ್ಚಿ ತೆಗೆದರೆ ಎಚ್ಚರವಾಗುತ್ತದಾ ನೋಡಿ. ರ‍್ಯಾಮ್ ಬೋರ್ಡಿಗೇ ಬೆಸೆದಿದ್ದರೆ 16 ಜಿಬಿಗಿಂತ ಕಡಿಮೆ ಬೇಡ, ಆಮೇಲೆ ಜಾಸ್ತಿ ಮಾಡಿಸಲು ಆಗುವುದಿಲ್ಲ.